ಕ್ಯಾಸೆಟ್ಟಿನ ಹಲ್ಲು

ಹೊಸನಗರ
ಭಾನುವಾರ ರಾತ್ರಿ

ಚಿ. ಪುಟ್ಟಿಗೆ ಅಪ್ಪಯ್ಯನ ಆಶೀರ್ವಾದಗಳು.

ಶಿವಮೊಗ್ಗದ ನಿನ್ನ ಕಾರ್ಯಕ್ರಮದ ನಡುವೆ ನಾನು ಎದ್ದು ಹೋದದ್ದು ಕೊನೆಯ ಬಸ್ಸಿಗಾಗಿ ಅಲ್ಲ. ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ನಿನಗೆ ಫೋನಿನಲ್ಲಿ ಹೇಳಿದ ಸುಳ್ಳನ್ನೇ ನಿನ್ನ ಅಮ್ಮನಿಗೂ ಹೇಳಿದ್ದೆ. ಅವಳು ಹೂಂ ಎಂದಳು, ಕುರ್ಚಿ ಬಿಟ್ಟು ಏಳಲಿಲ್ಲ. ಪೂರ್ತಿ ಮುಗಿದ ಮೇಲೆ ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತಿದ್ದ ನನ್ನನ್ನು ನೋಡಿ, "ಬಸ್ಸು ಹೋಯಿತೇ?" ಎಂದು ಕೇಳಿದಳು. ಅಷ್ಟೇ.

ನೀನು ಮನೆಗೆ ಬಾರದೆ ರಾತ್ರಿ ರೈಲು ಹತ್ತಿದ ವಿಚಾರ ಬೇಡ. ಹಬ್ಬದ ದಿನ ಎಲೆಯ ಮುಂದೆ ಕೂತು ನಾವಿಬ್ಬರೂ ಆಡಿದ ಮಾತುಗಳೂ ಬೇಡ. ಆದರೆ ಅಂದು ನೀನೊಬ್ಬ ಗಾಯಕನ ಹೆಸರು ಹೇಳಿ, "ಮೊದಲು ಅವನನ್ನು ಕೇಳು, ಆಮೇಲೆ ನನ್ನನ್ನು ಬಯ್ಯು" ಎಂದಿದ್ದೆಯಲ್ಲ, ಮೂರು ವಾರದಿಂದ ನನಗೆ ಅದೇ ಕೆಲಸ.

ಸ್ಕಾಟ್ ವಾಕರ್. ಹುಟ್ಟು ಹೆಸರು ನೋಯಲ್ ಸ್ಕಾಟ್ ಎಂಗಲ್, 1943ರಲ್ಲಿ ಅಮೆರಿಕದ ಓಹಾಯೊದಲ್ಲಿ ಹುಟ್ಟಿದವನು. 'ವಾಕರ್ ಬ್ರದರ್ಸ್' ಎಂಬ ತಂಡದ ಮೂವರಲ್ಲಿ ಒಬ್ಬನೂ ಹುಟ್ಟಿನಿಂದ ವಾಕರ್ ಅಲ್ಲ, ಅವರು ಅಣ್ಣತಮ್ಮಂದಿರೂ ಅಲ್ಲ. ನಮ್ಮ ನಾಟಕ ಕಂಪನಿಗಳೇ ಮೇಲು ಎನ್ನಿಸಿತು. 1965ರಲ್ಲೊಂದು, 1966ರಲ್ಲೊಂದು ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದವು. ಆ ಹಳೆಯ ಹಾಡುಗಳನ್ನು ನಾನು ನಾಲ್ಕು ಸಲ ಕೇಳಿದೆ. ಎಂಥ ಕಂಠ! ಆಲೆಮನೆಯ ಕೊಪ್ಪರಿಗೆಯಲ್ಲಿ ಬೆಲ್ಲ ಹದಕ್ಕೆ ಬರುವಾಗ ಇರುತ್ತದಲ್ಲ, ಆ ಬಣ್ಣ, ಆ ಭಾರ. ಇಂಥ ಕಂಠ ಇಟ್ಟುಕೊಂಡು ಈ ಪುಣ್ಯಾತ್ಮ ಮಾಡಿದ್ದಾದರೂ ಏನು ಎಂದು ಮುಂದಿನದನ್ನು ಹಾಕಿದೆ.

2006ರ ಆಲ್ಬಂ, 'ದ ಡ್ರಿಫ್ಟ್'. ಇಟಲಿಯ ಸರ್ವಾಧಿಕಾರಿ ಮುಸ್ಸೊಲಿನಿಯ ಜೊತೆಗೆ ಸತ್ತ ಅವನ ಪ್ರೇಯಸಿ ಕ್ಲಾರಾಳ ಬಗ್ಗೆ ಒಂದು ಹಾಡಿದೆ. ಅದರಲ್ಲಿ ಧಪ್, ಧಪ್ ಎಂದು ಒಂದು ಸದ್ದು. ನಿನ್ನ ಅಮ್ಮ ಅಡುಗೆಮನೆಯಿಂದ, "ಈ ಹೊತ್ತಿನಲ್ಲಿ ಬಚ್ಚಲಲ್ಲಿ ಕಂಬಳಿ ಒಗೆಯುತ್ತಿರುವವರು ಯಾರು?" ಎಂದು ಕೂಗಿದಳು. ಸ್ಟುಡಿಯೊದಲ್ಲಿ ಹಂದಿ ಮಾಂಸದ ದೊಡ್ಡ ತುಂಡಿಗೆ ಮುಷ್ಟಿಯಿಂದ ಗುದ್ದಿ ತೆಗೆದ ಸದ್ದು ಅದು ಎಂದು ಆಮೇಲೆ ಓದಿದೆ. ಅವಳಿಗೆ ಹೇಳಿಲ್ಲ. ನೀನೂ ಹೇಳಬೇಡ.

ಪುಟ್ಟಿ, ನೀನು ಅವನ ಧೈರ್ಯ ನೋಡಿದೆ. ನಾನು ನಡುವಿನ ವರ್ಷಗಳನ್ನು ಎಣಿಸಿದೆ. 1969ರಲ್ಲಿ ಸ್ವಂತ ಹೆಸರಿನಲ್ಲಿ, ಎಲ್ಲ ಹಾಡುಗಳನ್ನೂ ತಾನೇ ಬರೆದು ತಂದ ಆಲ್ಬಂ ಯಾವ ಪಟ್ಟಿಯನ್ನೂ ಹತ್ತಲಿಲ್ಲ. ಆಮೇಲೆ ಕೆಲವು ವರ್ಷ ಹೊಟ್ಟೆಪಾಡಿಗೆ ಬೇರೆಯವರ ಹಾಡು ಹಾಡಿದ. 1984ರಲ್ಲಿ ಒಂದು ಆಲ್ಬಂ, ಮುಂದಿನದು 1995ರಲ್ಲಿ, ಅದರ ಮುಂದಿನದು 2006ರಲ್ಲಿ. ಹನ್ನೊಂದು, ಮತ್ತೆ ಹನ್ನೊಂದು. ಅಡಿಕೆ ಸಸಿ ನೆಟ್ಟವನೂ ಐದಾರು ವರ್ಷಕ್ಕೆ ಮೊದಲ ಗೊನೆ ನೋಡುತ್ತಾನೆ. ಅವನು ಸತ್ತಾಗ, 2019ರಲ್ಲಿ, ದೊಡ್ಡ ದೊಡ್ಡ ಸಂಗೀತಗಾರರು ಕಂಬನಿ ಮಿಡಿದರಂತೆ. ಸತ್ತ ಮೇಲೆ ಬರುವ ಹೊಗಳಿಕೆಯಿಂದ ಬೆಂಗಳೂರಿನ ಮನೆ ಬಾಡಿಗೆ ಹುಟ್ಟುತ್ತದೆಯೇ?

ಉಪದೇಶ ಮಾಡಬಾರದು ಎಂದುಕೊಂಡೇ ಕೂತಿದ್ದೆ. ಆದರೂ ಒಂದು ಮಾತು. ನಮ್ಮ ತಾಲೂಕಿನ ನಗರ ಎಂಬ ಊರಿನ ಶಿವಮೊಗ್ಗ ಸುಬ್ಬಣ್ಣನವರು 'ಕಾಡು ಕುದುರೆ' ಹಾಡಿ ರಾಷ್ಟ್ರಪ್ರಶಸ್ತಿ ತಂದವರು. ಕನ್ನಡದ ಹಿನ್ನೆಲೆ ಗಾಯಕರಲ್ಲಿ ಅದನ್ನು ಪಡೆದ ಮೊದಲಿಗರು. ಅವರು ವಕೀಲರೂ ಆಗಿದ್ದರು. ಕೈಯಲ್ಲೊಂದು ಕಸುಬು ಇದ್ದರೆ ಕಂಠಕ್ಕೆ ಸ್ವಾತಂತ್ರ್ಯ. ನೀನು ಬಿ.ಎಡ್. ಮುಗಿಸಿದವಳು. ಸಿನಿಮಾದವರಿಗೆ ಹಾಡುವುದಿಲ್ಲ ಎನ್ನುವುದಾದರೆ ಬೇಡ, ವಾರಕ್ಕೆ ಮೂರು ದಿನ ಯಾವುದಾದರೂ ಶಾಲೆಯಲ್ಲಿ... ಇರಲಿ. ನೀನು ಈ ಸಾಲುಗಳನ್ನು ಹಾರಿಸಿ ಓದುತ್ತೀಯೆಂದು ಗೊತ್ತು.

ನಿನ್ನ ಸಿನಿಮಾ ಹಾಡು ಒಮ್ಮೆ ಸಾಗರದ ಬಸ್ಸಿನಲ್ಲಿ ಬಂದಾಗ ಕಂಡಕ್ಟರನಿಗೆ "ಇದು ನನ್ನ ಮಗಳು" ಎಂದು ಹೇಳಿದವನು ನಾನು. ಎಂಬತ್ತು ರೂಪಾಯಿ ಚಿಲ್ಲರೆ ಅವನಲ್ಲೇ ಬಿಟ್ಟು ಇಳಿದಿದ್ದೆ.

ಈಗ ಕ್ಯಾಸೆಟ್ಟಿನ ವಿಚಾರ. ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿ ಅವಳ ಹಸೆ ಹಾಡುಗಳನ್ನು ನಾನು ತುಂಬಿಕೊಂಡದ್ದು, ಅವಳು ಹೋದ ಎರಡು ವರ್ಷಕ್ಕೆ ನೀನು ಅದರ ಮೇಲೆ ಮಳೆಯ ಸದ್ದು ತುಂಬಿದ್ದು, ನಾನು ಹೊಡೆದದ್ದು. ನಿನಗಾಗ ಒಂಬತ್ತು ವರ್ಷ. ನೀನು ಹಂಚಿನಿಂದ ಬೀಳುವ ನೀರಿಗೆ ಒಂದು ಕಡೆ ಹಿತ್ತಾಳೆ ಚೆಂಬು, ಇನ್ನೊಂದು ಕಡೆ ಅಡಿಕೆ ಹಾಳೆ ಒಡ್ಡಿ, ನಡುವೆ ರೆಕಾರ್ಡರ್ ಇಟ್ಟಿದ್ದೆ. ಇಷ್ಟು ನಿನಗೂ ಗೊತ್ತು. ಗೊತ್ತಿಲ್ಲದ್ದು ಒಂದಿದೆ.

ಕ್ಯಾಸೆಟ್ಟಿನ ಬೆನ್ನಿನಲ್ಲಿ, ಎರಡು ಮೂಲೆಗಳಲ್ಲಿ, ಉಗುರಿನಷ್ಟೂ ಅಗಲವಿಲ್ಲದ ಎರಡು ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಒಂದು ಬದಿಗೆ ಒಂದು ಹಲ್ಲು. ಅದನ್ನು ಮುರಿದರೆ ಆ ಬದಿಯ ಮೇಲೆ ಮತ್ತೆ ಏನನ್ನೂ ತುಂಬಲಾಗದು, ರೆಕಾರ್ಡ್ ಗುಂಡಿಯೇ ಇಳಿಯುವುದಿಲ್ಲ. ಪೆನ್ನಿನ ತುದಿ ಸಾಕು, ಚಟ್ ಎಂದು ಮುರಿಯುತ್ತದೆ. ಮುಂದೆ ಬೇಕೆಂದರೆ ಆ ತೂತಿಗೆ ಸೆಲೊಟೇಪ್ ಅಂಟಿಸಿದರಾಯಿತು. ನನಗಿದು ಚೆನ್ನಾಗಿ ಗೊತ್ತಿತ್ತು. ತಾಳಮದ್ದಳೆಯ ಕ್ಯಾಸೆಟ್ಟುಗಳಿಗೆಲ್ಲ ಮುರಿದಿದ್ದೆ. ಅಜ್ಜಿಯದಕ್ಕೆ ಮುರಿದಿರಲಿಲ್ಲ. ಎರಡನೆಯ ಬದಿಗೆ ಇನ್ನಷ್ಟು ಹಾಡಿಸೋಣ, ಆಮೇಲೆ ಒಟ್ಟಿಗೆ ಮುರಿಯೋಣ ಎಂದುಕೊಂಡಿದ್ದೆ. ಮೊದಲು ಅಡಿಕೆ ಕೊಯ್ಲು ಬಂತು, ಆಮೇಲೆ ಔಷಧಿ ಹೊಡೆಯುವ ಕಾಲ ಬಂತು, ಮತ್ತೆ ಕೊಯ್ಲು. ಅಜ್ಜಿ ಹೋದ ಮೇಲಾದರೂ ಮುರಿಯಬೇಕಿತ್ತು. ಒಂದು ಬದಿಯ ಹಲ್ಲು ಸಾಕಿತ್ತು. ನಿನ್ನ ಕೆನ್ನೆಗೆ ಹೊಡೆದ ಕೈಯಲ್ಲೇ ಕ್ಯಾಸೆಟ್ ಹೊರತೆಗೆದು ನೋಡಿದೆ, ಎರಡು ಹಲ್ಲೂ ಹಾಗೇ ಇದ್ದವು. ತಪ್ಪು ಯಾರದೆಂದು ಆ ಕ್ಷಣವೇ ಗೊತ್ತಾಯಿತು. ಆದರೂ ಆ ರಾತ್ರಿ ನಿನ್ನೊಡನೆ ಮಾತಾಡಲಿಲ್ಲ. ಇಪ್ಪತ್ತೆರಡು ವರ್ಷ ಈ ಹಲ್ಲಿನ ವಿಚಾರ ಯಾರಿಗೂ ಹೇಳಲಿಲ್ಲ.

ಶಿವಮೊಗ್ಗದಲ್ಲಿ ನೀನು ಅಡಿಕೆ ಸುಲಿಯುವ ಸದ್ದು, ಮಳೆ, ಏನೇನೋ ಕೇಳಿಸುತ್ತಿದ್ದೆ. ಜನ ಕೆಮ್ಮುತ್ತಿದ್ದರು, ನನಗೂ ನಾಚಿಕೆಯಾಗುತ್ತಿತ್ತು, ನಿಜ. ಅಷ್ಟರಲ್ಲಿ ಹಸೆಗೆ ಕರೆಯುವ ಹಾಡಿನ ಮೊದಲ ಸಾಲನ್ನು ಎಳೆದು ಎಳೆದು, ದನಿ ಒಡೆಯುವ ತನಕ ಎಳೆದೆ. ನಾನು ನಿನಗೆ ಅದನ್ನು ಕಲಿಸಿರಲಿಲ್ಲ. ಅಜ್ಜಿ ಹೋದಾಗ ನಿನಗೆ ಏಳು ವರ್ಷ. ಅವಳಂತೆಯೇ ಮೂರನೆಯ ಅಕ್ಷರದಲ್ಲಿ ಉಸಿರು ಕದ್ದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ತಿರುಗಿ ಅವನಿಗೆ ಎರಡು ಮಾತು ಹೇಳಬೇಕಿತ್ತು. ಎದ್ದು ಹೊರಗೆ ಹೋದೆ.

ನಿನ್ನ ಸಂಗೀತ ನನಗೆ ಅರ್ಥವಾಯಿತು ಎಂದು ಬರೆದರೆ ಅದು ಬಸ್ಸಿಗಿಂತ ದೊಡ್ಡ ಸುಳ್ಳಾಗುತ್ತದೆ. ಬಾಡಿಗೆಯ ಚಿಂತೆಯೂ ಹೋಗಿಲ್ಲ.

ಕ್ಯಾಸೆಟ್ ಅಟ್ಟದ ಮೇಲೆ ಸಿಕ್ಕಿತು. ಬೂಷ್ಟು ಹಿಡಿದಿತ್ತು. ಬಿಚ್ಚಿ, ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಎರಡು ದಿನ ಒರೆಸಿದ್ದೇನೆ. ಇನ್ನೂ ಹಾಕಿ ಕೇಳಿಲ್ಲ. ರೆಕಾರ್ಡರ್ ಹೇಗಿದೆ ನೋಡೋಣ ಎಂದು ಒಂದು ಭಜನೆಯ ಕ್ಯಾಸೆಟ್ ಹಾಕಿದೆ, ಬೆಲ್ಟ್ ಸಡಿಲವಾಗಿ ಭಜನೆಯವರೆಲ್ಲ ನಿನ್ನ ಸ್ಕಾಟ್ ವಾಕರನ ಹಾಗೆ ನರಳಿದರು. ನಮ್ಮಲ್ಲಿ ಆ ಬೆಲ್ಟ್ ಸಿಗುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸು. ಹಳೆಯದನ್ನು ಅಳತೆಗೆಂದು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಅದು ಹಿಗ್ಗಿದೆ, ಒಂದು ಸುತ್ತು ಚಿಕ್ಕದನ್ನೇ ತೆಗೆದುಕೊಂಡು ಬಾ.

ಅಪ್ಪಯ್ಯ