ಎರಡೂವರೆ ದಿನಕ್ಕೆ ಏಳು ಕ್ಷೇತ್ರ ಬೇಡ

ಮಾನ್ಯ ಸಂಪಾದಕರೇ, ನಮಸ್ಕಾರ.

ಸಾಲು ರಜೆ ಬಂತು ಅಂದ್ರೆ ಸಾಕು, ಫ್ಯಾಮಿಲಿ ಗ್ರೂಪ್‌ಗಳಲ್ಲಿ ಒಂದು ಪ್ಲಾನ್ ಹರಿದಾಡುತ್ತೆ. ಶುಕ್ರವಾರ ರಾತ್ರಿ ಊಟ ಮುಗಿಸಿ ಬೆಂಗಳೂರು ಬಿಡೋದು, ಕುಕ್ಕೆ, ಧರ್ಮಸ್ಥಳ, ಕಟೀಲು, ಉಡುಪಿ, ಕೊಲ್ಲೂರು, ಶೃಂಗೇರಿ, ಹೊರನಾಡು ಏಳೂ ನೋಡ್ಕೊಂಡು ಸೋಮವಾರ ಬೆಳಗಾಗೋ ಹೊತ್ತಿಗೆ ಮನೆ ಸೇರೋದು. ಪತ್ರಿಕೆಗಳ ಪ್ರವಾಸದ ಪುಟದಲ್ಲೂ ಇಂಥದ್ದೇ ಪಟ್ಟಿ ಬರುತ್ತೆ, ಕಿಲೋಮೀಟರ್ ಲೆಕ್ಕ ಇರುತ್ತೆ, ಗೋಪುರದ ಫೋಟೋ ಇರುತ್ತೆ, ಆದ್ರೆ ಆ ಗಾಡಿ ಓಡಿಸೋರು ಯಾವಾಗ ಮಲಗ್ತಾರೆ ಅನ್ನೋದು ಮಾತ್ರ ಎಲ್ಲೂ ಇರಲ್ಲ. ಅದಕ್ಕೇ ಈ ಪತ್ರ ಬರೀತಿದೀನಿ.

ವಾರ ಪೂರ್ತಿ ದುಡಿದ ಮನುಷ್ಯ ಶುಕ್ರವಾರ ರಾತ್ರಿ ಸ್ಟೇರಿಂಗ್ ಹಿಡಿದ್ರೆ ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯೋ ಹೊತ್ತಿಗೆ ನಡುರಾತ್ರಿ ಮೀರಿರುತ್ತೆ, ಮುಂದೆ ಟ್ಯಾಂಕರ್‌ಗಳ ಸಾಲು, ಎದುರಿಂದ ಸ್ಲೀಪರ್ ಬಸ್ಸಿನ ಹೈಬೀಮ್, ತಿರುವಿನಲ್ಲಿ ಮಂಜು, ಹಿಂದಿನ ಸೀಟಲ್ಲಿ ಎಲ್ರಿಗೂ ಗಾಢ ನಿದ್ದೆ. ಬಾಡಿಗೆ ಟಿಟಿ (ಟೆಂಪೋ ಟ್ರಾವೆಲರ್) ಆದ್ರೆ ಡ್ರೈವರ್ ಪಾಡು ಇನ್ನೂ ಕಷ್ಟ. ನಾವು ದರ್ಶನಕ್ಕೆ ಹೋದಾಗ ಅವ್ರು ಮಲಗ್ಲಿ ಬಿಡಿ ಅಂತೀವಿ, ಆದ್ರೆ ಬಿಸಿಲಿಗೆ ಕಾದ ಗಾಡಿಯೊಳಗೆ, ಆಗಾಗ ಬಂದು 'ಅಣ್ಣ, ಗಾಡಿ ಸ್ವಲ್ಪ ಮುಂದೆ ತಗೊಳ್ಳಿ' ಅಂತ ಗಾಜು ಬಡಿಯೋರ ನಡುವೆ ಯಾರಿಗೆ ನಿದ್ದೆ ಹತ್ತುತ್ತೆ ಹೇಳಿ. ಆಮೇಲೆ ಅದೇ ಕಣ್ಣಲ್ಲಿ ಅವ್ರು ಆಗುಂಬೆಯ 14 ಹೇರ್‌ಪಿನ್ ತಿರುವು ಹತ್ತಬೇಕು. ಡ್ರೈವರ್‌ಗೂ ಒಂದು ರೂಮ್, ರಾತ್ರಿ ಪೂರ್ತಿ ನಿದ್ದೆ, ಇದು ಪ್ಲಾನ್‌ನ ಮೊದಲನೇ ಸಾಲಲ್ಲೇ ಇರಬೇಕು ಅನ್ನೋದು ನನ್ನ ಮಾತು.

ಇನ್ನು ಟೈಮ್ ವಿಷಯ. ಕುಕ್ಕೆಯಿಂದ ಧರ್ಮಸ್ಥಳಕ್ಕೆ ಸುಮಾರು 54 ಕಿಮೀ, ಮ್ಯಾಪ್ ನೋಡಿದ್ರೆ ಇಷ್ಟೇನಾ ಅನ್ಸುತ್ತೆ. ಆದ್ರೆ ಹೊತ್ತು ಹೋಗೋದು ರೋಡಲ್ಲಿ ಅಲ್ಲ, ಕ್ಯೂನಲ್ಲಿ, ಪಾರ್ಕಿಂಗ್‌ನಲ್ಲಿ, ಚಪ್ಪಲಿ ಬಿಡೋ ಜಾಗದಲ್ಲಿ. ಮಧ್ಯಾಹ್ನದ ಪೂಜೆ ಆದ್ಮೇಲೆ ಎಷ್ಟೋ ಕಡೆ ಬಾಗಿಲು ಹಾಕಿದ್ರೆ ಮತ್ತೆ ತೆಗೆಯೋದು ಸಂಜೆ ಕಡೆಗೇ, ಐದು ನಿಮಿಷ ತಡವಾದವರು ಅಲ್ಲೇ ಕಾಯಬೇಕು, ಅಷ್ಟರಲ್ಲಿ ಮುಂದಿನ ಊರಿನ ಲೆಕ್ಕ ಎಲ್ಲ ತಲೆಕೆಳಗು. ಕುಕ್ಕೆಯಲ್ಲಿ ಷಷ್ಠಿ, ಆಶ್ಲೇಷ ನಕ್ಷತ್ರ ಬಿದ್ದ ದಿನ ಸಿಕ್ಕಾಪಟ್ಟೆ ಜನ, ಸೋಮವಾರ ಧರ್ಮಸ್ಥಳದಲ್ಲಿ ರಶ್ಶು, ಇದೆಲ್ಲ ಮನೆ ಕ್ಯಾಲೆಂಡರ್‌ನಲ್ಲೇ ಗೊತ್ತಾಗುತ್ತೆ, ನೋಡೋ ಅಭ್ಯಾಸ ಮಾತ್ರ ತಪ್ಪಿದೆ. ಸರ್ಪಸಂಸ್ಕಾರ ಮಾಡಿಸೋರಿಗಂತೂ ಅದಕ್ಕೇ ಎರಡು ದಿನ ಬೇಕು, ಮೊದಲೇ ಬುಕ್ ಮಾಡಿರಬೇಕು, ದಾರಿಲಿ ಹೋಗ್ತಾ ಮುಗಿಸೋ ಕೆಲಸ ಅಲ್ಲ ಅದು.

ಶೃಂಗೇರಿಲಿ ಕಂಡದ್ದು ಒಂದು ಹೇಳ್ತೀನಿ. ವಿದ್ಯಾಶಂಕರ ದೇವಸ್ಥಾನದಲ್ಲಿ 12 ರಾಶಿಗೆ 12 ಕಂಬ ಇವೆಯಲ್ಲ, ಸೂರ್ಯ ಯಾವ ರಾಶಿಲಿ ಇರ್ತಾನೋ ಆ ಕಂಬಕ್ಕೆ ಬೆಳಗಿನ ಬಿಸಿಲು ಬೀಳುತ್ತೆ ಅಂತ ಅಲ್ಲಿನವರು ಹೇಳ್ತಾರೆ, ಅಲ್ಲಿ ಒಬ್ರು ಅಜ್ಜಿ ಕಂಬದಿಂದ ಕಂಬಕ್ಕೆ ಹೋಗಿ ತಮ್ಮ ರಾಶಿ ಹುಡುಕ್ತಿದ್ರು. ಕಂಬದಲ್ಲಿ ಕೆತ್ತಿರೋ ಸಿಂಹದಂಥ ಯಾಳಿಯ ಬಾಯೊಳಗೆ ಉರುಳಾಡೋ ಕಲ್ಲಿನ ಗುಂಡು ಕಂಡು ಮಗು ಹಾಗೆ ಖುಷಿಪಟ್ರು. ಅಷ್ಟರಲ್ಲಿ ಮಗ ಬಂದು 'ಅಮ್ಮಾ, ಹೊರನಾಡಿಗೆ ಲೇಟಾಗುತ್ತೆ, ಬಾ' ಅಂತ ಕೈ ಹಿಡ್ಕೊಂಡು ಹೊರಟೇಬಿಟ್ರು. ತುಂಗೆ ಹತ್ರ ಇಳಿದು ಮೀನು ನೋಡೋದಕ್ಕೂ ಆಗ್ಲಿಲ್ಲ ಆ ಅಜ್ಜಿಗೆ. ಮಗನ್ನ ಬೈಯೋದಲ್ಲ ನಾನು, ಅವರೂ ಅಮ್ಮನಿಗೋಸ್ಕರನೇ ರಜಾ ಹಾಕಿ ಕರ್ಕೊಂಡು ಬಂದಿದ್ರು, ಆ ಪಟ್ಟಿ ಅವರನ್ನ ಹಾಗೆ ಓಡಿಸ್ತಿತ್ತು.

ಹಾಗಾಗಿ ಒಂದು ಟ್ರಿಪ್‌ಗೆ ಎರಡೇ ಕ್ಷೇತ್ರ ಇಟ್ಕೊಳ್ಳಿ ಅಂತ ಕೇಳ್ಕೊಳ್ತೀನಿ. ಕುಕ್ಕೆ, ಧರ್ಮಸ್ಥಳ ಒಂದು ಸಲ. ಹಗಲಲ್ಲೇ ಶಿರಾಡಿ ಇಳಿದು ಗುಂಡ್ಯದಲ್ಲಿ ತಿರುಗಿದ್ರೆ ಸಂಜೆ ಕುಕ್ಕೆಯಲ್ಲಿ ಉಳಿಯಬಹುದು, ಬೆಳಿಗ್ಗೆ ದರ್ಶನ ಆದ್ಮೇಲೆ ಧರ್ಮಸ್ಥಳ, ಅನ್ನಪೂರ್ಣ ಛತ್ರದಲ್ಲಿ ಸಾಲಲ್ಲಿ ಕೂತು ಬಿಸಿ ಅನ್ನ ಸಾರು ಉಂಡು, ಸಂಜೆ 39 ಅಡಿ ಬಾಹುಬಲಿ ನೋಡೋಕೆ ನಿಧಾನಕ್ಕೆ ಗುಡ್ಡ ಹತ್ತಬಹುದು. ಶೃಂಗೇರಿ, ಹೊರನಾಡು ಇನ್ನೊಂದು ಸಲ, ನಡುವೆ ಕಳಸದಲ್ಲಿ ಕಳಸೇಶ್ವರನ ದರ್ಶನನೂ ಆಗುತ್ತೆ. ಉಡುಪಿ, ಕೊಲ್ಲೂರಿಗೆ ಹೋಗೋರು ಬೆಂಗಳೂರಿಂದ ಕಾರೇ ತಗೊಂಡು ಹೋಗಬೇಕು ಅಂತ ಏನಿಲ್ಲ, ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಹತ್ತಿ ಮಲಗಿದ್ರೆ ಬೆಳಿಗ್ಗೆ ಕರಾವಳಿ, ಅಲ್ಲಿಂದ ಲೋಕಲ್ ಟ್ಯಾಕ್ಸಿ ಮಾಡ್ಕೊಂಡು ಕೃಷ್ಣನನ್ನ ನವಗ್ರಹ ಕಿಂಡಿಲಿ ನೋಡಿ, ದಾರೀಲಿ ಆನೆಗುಡ್ಡೆ ಗಣಪತಿಗೆ ಕೈ ಮುಗಿದು ಮೂಕಾಂಬಿಕೆ ಸನ್ನಿಧಿಗೆ ಹೋಗಬಹುದು. ಪಂಚೆ, ಶಲ್ಯ ಬ್ಯಾಗಿನ ಮೇಲೇ ಇರ್ಲಿ, ಹಿರಿಯರ ಬಿಪಿ ಶುಗರ್ ಮಾತ್ರೆ ಡಿಕ್ಕಿಯಲ್ಲಿ ಅಲ್ಲ, ಕ್ಯೂಗೆ ಹೋಗೋರ ಜೇಬಲ್ಲಿ ಇರ್ಲಿ.

ಮಳೆಗಾಲದಲ್ಲಿ ಮಾತ್ರ ಯಾವ ಪ್ಲಾನ್ ಮಾಡಿದ್ರೂ ಘಾಟಿ ರಸ್ತೆ ಓಪನ್ ಇದೆಯಾ ಅಂತ ಕೇಳಿಯೇ ಹೊರಡಬೇಕು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಕುಸಿದು ರಸ್ತೆ ಬಂದ್ ಆಗಿದ್ದು, 2024ರ ಜುಲೈನಲ್ಲಿ ಸಕಲೇಶಪುರದ ಹತ್ರ ದೊಡ್ಡತಪ್ಪಲೆಯಲ್ಲಿ ಗುಡ್ಡ ಜರಿದಿದ್ದು ಮರೆಯೋ ಹಾಗಿಲ್ಲ. ಕುಕ್ಕೆಯಲ್ಲಿ ಕುಮಾರಧಾರೆ ಹೊಳೆ ಉಕ್ಕಿದ್ರೆ ಸ್ನಾನಘಟ್ಟ ಪೂರ್ತಿ ಮುಳುಗುತ್ತೆ, ಅಂಥಾ ಹೊತ್ತಲ್ಲಿ ಕಾವಲಿನವರು ನೀರಿಗೆ ಇಳೀಬೇಡಿ ಅಂದ್ರೆ ದಯವಿಟ್ಟು ವಾದ ಮಾಡಬೇಡಿ, ಒಂದು ಚೊಂಬು ನೀರು ತಲೆಗೆ ಪ್ರೋಕ್ಷಣೆ ಮಾಡ್ಕೊಂಡ್ರೂ ಸಾಕು. ಕುದುರೆಮುಖದ ಕಾಡು ದಾರಿಗೆ ಸಂಜೆ ಆದ್ಮೇಲೆ ಬಿಡಲ್ಲ, ಕಳಸದಿಂದ ಕಾರ್ಕಳ ಕಡೆ ಇಳಿಯೋರು ಅದನ್ನ ತಿಳ್ಕೊಂಡೇ ಹೊರಡಬೇಕು, ಆ ಕಾಡೊಳಗೆ ಮೊಬೈಲ್ ನಂಬ್ಕೊಂಡು ಹೋಗೋ ಹಾಗೂ ಇಲ್ಲ.

ಈಗ ನಿಮ್ಮಲ್ಲಿ ಒಂದು ವಿನಂತಿ. ದಿನಾ ಅಡಿಕೆ ಧಾರಣೆ ಹಾಕ್ತೀರಿ, ಮಳೆಗಾಲದಲ್ಲಿ ಜಲಾಶಯಗಳ ನೀರಿನ ಮಟ್ಟ ಹಾಕ್ತೀರಿ. ಅಷ್ಟೇ ಜಾಗದಲ್ಲಿ ಪ್ರತಿ ಶುಕ್ರವಾರ ಒಂದು ಬಾಕ್ಸ್ ಕೊಡಿ, ಶಿರಾಡಿ, ಚಾರ್ಮಾಡಿ, ಆಗುಂಬೆ ಯಾವುದು ಓಪನ್ ಇದೆ, ಯಾವ ಗಾಡಿಗೆ ನಿರ್ಬಂಧ ಇದೆ, ಆ ಶನಿವಾರ ಭಾನುವಾರ ಯಾವ ಕ್ಷೇತ್ರದಲ್ಲಿ ಜಾತ್ರೆ, ರಥೋತ್ಸವ, ಗ್ರಹಣ ಅಂತ ದರ್ಶನದ ಟೈಮ್ ಬದಲಾಗಿದೆ ಅಂತ. ಇದನ್ನ ಜಿಲ್ಲಾಡಳಿತದಿಂದ, ದೇವಸ್ಥಾನದ ಕಚೇರಿಯಿಂದ ಕೇಳಿ ಹಾಕಿದ್ರೆ ಸಾಕು. ಪ್ರವಾಸದ ಲೇಖನ ಬರೆಯೋರಿಗೂ ಕಿಲೋಮೀಟರ್ ಜೊತೆ ರಾತ್ರಿ ಎಲ್ಲಿ ಉಳಿಯೋದು ಅಂತನೂ ಬರೀರಿ ಅಂತ ಹೇಳಿ, ನಾನು ಆ ಪುಟ ಕತ್ತರಿಸಿ ಗ್ರೂಪ್‌ಗೆ ಹಾಕೋದಂತೂ ಖಂಡಿತ.

ಇಂತಿ,
ನಿಮ್ಮ ಓದುಗ, ತುಮಕೂರು