ಕ್ಯಾಸೆಟ್ ಕವರ್ ಮೇಲಿದ್ದ ಹೆಸರುಗಳು ಎಲ್ಲಿ ಹೋದ್ವು?

ಸಂಪಾದಕರಿಗೆ ನಮಸ್ಕಾರ,

ತಿಪಟೂರಲ್ಲಿ 22 ವರ್ಷ ಫೋಟೋ ಸ್ಟುಡಿಯೋ ನಡೆಸಿದೋನು ನಾನು, ಮುಂದ್ಗಡೆ ಕ್ಯಾಸೆಟ್ ಅಂಗಡಿ ಹಿಂದ್ಗಡೆ ಫಿಲಂ ತೊಳೆಯೋ ಡಾರ್ಕ್ ರೂಮ್. ಹಳೇ ಹಾಡು ಆ್ಯಪಿಗೆ ಬಂದಾಗ ಕ್ಯಾಸೆಟ್ ಕವರ್ ಮೇಲಿದ್ದ ಹೆಸರುಗಳು ಕಳೆದುಹೋಗ್ತಿವೆ ಅನ್ನೋದೇ ಈ ಪತ್ರದ ವಿಷ್ಯ, ಆದ್ರೆ ಮೊದ್ಲು ಫಿಲಂ ಕಂಪನಿಗಳ ಕಥೆ ಹೇಳ್ತೀನಿ. ಡಿಜಿಟಲ್ ಬರೋದು ಗೊತ್ತಾಗದೇ ಅಮೆರಿಕದ ಫಿಲಂ ಕಂಪನಿ ಕೊಡ್ಯಾಕ್ ಮುಳುಗಿಹೋಯ್ತು ಅಂತ ಎಲ್ರೂ ಹೇಳ್ತಾನೇ ಇರ್ತಾರೆ, ಅದನ್ನ ಓದಿದಾಗೆಲ್ಲ ಬೇಜಾರಾಗತ್ತೆ, ಯಾಕಂದ್ರೆ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದ್ದೇ ಕೊಡ್ಯಾಕ್‌ನ ಸ್ಟೀವನ್ ಸ್ಯಾಸನ್ ಅನ್ನೋ ಎಂಜಿನಿಯರ್, ಅದೂ 1975ರಲ್ಲಿ. ಮೂರೂವರೆ ಕೇಜಿ ಮೇಲಿತ್ತು, ಒಂದು ಫೋಟೋ ಸೇವ್ ಆಗೋಕೆ 23 ಸೆಕೆಂಡ್, ಸೇವ್ ಆಗ್ತಿದ್ದಿದ್ದು ಕ್ಯಾಸೆಟ್ ಟೇಪ್ ಮೇಲೆ! ಫೋಟೋನೂ ಕ್ಯಾಸೆಟ್ಟೂ ಒಂದೇ ಅಂಗಡೀಲಿ ಮಾರಿದ ನನಗೆ ಇದನ್ನ ಮೊದಲ ಸಲ ಓದ್ದಾಗ ಮೈ ಜುಂ ಅಂದಿತ್ತು.

ಹಂಗಾದ್ರೆ ಮುಳುಗಿದ್ದು ಯಾಕೆ? ಸ್ಟುಡಿಯೋದವ್ರಿಗೆ ಅರ್ಥ ಆಗತ್ತೆ. ಒಂದು ರೋಲ್‌ಗೆ ಗಿರಾಕಿ ಮೂರು ಸಲ ದುಡ್ಡು ಕೊಡ್ತಿದ್ದ, ರೋಲ್ ತಗೊಳೋಕೆ ಒಂದ್ಸಲ, ತೊಳ್ಸೋಕೆ ಒಂದ್ಸಲ, ಪ್ರಿಂಟ್ ಹಾಕ್ಸೋಕೆ ಇನ್ನೊಂದ್ಸಲ, ಆ ಫಿಲಂ, ಕೆಮಿಕಲ್, ಪೇಪರ್ ಎಲ್ಲದರಲ್ಲೂ ಕೊಡ್ಯಾಕ್‌ಗೆ ಲಾಭ. 2001ರಲ್ಲಿ ಈಸಿಶೇರ್ ಅಂತ ಡಿಜಿಟಲ್ ಕ್ಯಾಮೆರಾ ತಂದ್ರು, ಅಮೆರಿಕದಲ್ಲಿ ಚೆನ್ನಾಗೇ ಓಡ್ತು, ಆದ್ರೆ ಕ್ಯಾಮೆರಾ ಒಂದ್ಸಲ ಮಾರಿದ್ರೆ ಮುಗೀತು, ಆ ಗಿರಾಕಿ ಮತ್ತೆ ಬರಲ್ಲ. 2012ರ ಜನವರೀಲಿ ದಿವಾಳಿ ಅರ್ಜಿ ಹಾಕಿದ್ರು.

ಅದೇ ಕಷ್ಟ ಜಪಾನಿನ ಫಿಲಂ ಕಂಪನಿ ಫ್ಯೂಜಿಗೂ ಬಂತು. 2000ದ ಹೊತ್ತಿಗೆ ಫಿಲಂ ಮಾರಾಟ ತುತ್ತತುದಿಗೆ ಹೋಗಿ ಆಮೇಲೆ ಜರ್ರಂತ ಇಳೀತು. ಆಗ ಕಂಪನಿ ನಡೆಸ್ತಿದ್ದ ಶಿಗೆತಾಕ ಕೊಮೊರಿ, ನಮ್ಮ ಕೈಲಿ ಏನೇನು ವಿದ್ಯೆ ಇದೆ ಅಂತ ಲೆಕ್ಕ ಹಾಕಿಸಿದ್ರು. ಫಿಲಂಗೆ ಬಳಿಯೋ ಜೆಲಾಟಿನ್ ಬರೋದು ಕೊಲಾಜೆನ್‌ನಿಂದ, ನಮ್ಮ ಚರ್ಮದಲ್ಲೂ ಇರೋದು ಅದೇ, ಫೋಟೋ ಬಣ್ಣ ಮಾಸದಂಗೆ ತಡೆಯೋದೂ ಅವರಿಗೆ ಬರ್ತಿತ್ತು, ಅದನ್ನೆಲ್ಲ ಇಟ್ಕೊಂಡು 2007ರಲ್ಲಿ ಅಸ್ಟಾಲಿಫ್ಟ್ ಅಂತ ಮುಖಕ್ಕೆ ಹಚ್ಚೋ ಕ್ರೀಮ್ ಮಾಡಿದ್ರು. ಫಿಲಂ ಹಾಳೆ ಮಾಡೋ ವಿದ್ಯೆ ಎಲ್‌ಸಿಡಿ ಟೀವಿ ಸ್ಕ್ರೀನಿಗೆ ಹೋಯ್ತು. ಸಾವಿರಾರು ಜನರ ಕೆಲಸನೂ ಹೋಯ್ತು, ಅದನ್ನ ಮರೀಬಾರ್ದು. ನಮ್ಮ ಪಕ್ಕದ ಊಟೀಲಿದ್ದ ಸರ್ಕಾರಿ ಹಿಂದೂಸ್ತಾನ್ ಫೋಟೋ ಫಿಲಂಸ್‌ಗೆ ಇಂಥದ್ದೊಂದು ದಾರಿ ಸಿಗಲೇ ಇಲ್ಲ. ಅವರ ‘ಇಂದು’ ಬ್ಲ್ಯಾಕ್ ಅಂಡ್ ವೈಟ್ ರೋಲ್ ತುಂಬಾ ತೊಳೆದಿದೀನಿ.

ಇಷ್ಟೆಲ್ಲ ಬರೆದಿದ್ದು ಹಾಡಿನ ವಿಷ್ಯಕ್ಕೆ ಬರೋಕೆ. ಫಿಲಂನವ್ರಿಗೆ ಬಂದಂಗೇ ಕ್ಯಾಸೆಟ್‌ನವ್ರಿಗೂ ಡಿಜಿಟಲ್ ಕಾಲ ಬಂತು, ಕೈಲಿರೋ ಹಳೇ ಆಸ್ತೀನ ಹೊಸ ಥರ ಮಾರ್ಬೇಕಾಯ್ತು. ಆಪಲ್ ಕಂಪನಿ 2003ರಲ್ಲಿ ಒಂದೊಂದು ಹಾಡನ್ನ 99 ಸೆಂಟಿಗೆ ಮಾರೋಕೆ ಶುರು ಮಾಡ್ತು, ಇಲ್ಲಿ ಎಚ್‌ಎಂವಿ ಹಾಡುಗಳನ್ನ ಇಟ್ಕೊಂಡಿರೋ ಸಾರೆಗಾಮ 2017ರಲ್ಲಿ ಕಾರ್ವಾನ್ ತಂತು, ನೋಡೋಕೆ ಹಳೇ ರೇಡಿಯೋ ಥರ, ಒಳಗೆ 5000 ಹಳೇ ಹಾಡು, ಮಾರಿದ್ದು ಅವರ ಗೋಡೌನಲ್ಲಿದ್ದ ಆಸ್ತೀನೇ. ಕನ್ನಡದ ಲಹರಿ, ಆನಂದ್ ಆಡಿಯೋದವ್ರೂ ಯೂಟ್ಯೂಬಿಗೆ ಬಂದ್ರು, ಮನೇಲಿ ಕೂತು ಹಳೇ ಹಾಡು ಕೇಳೋಂಗಾಯ್ತು, ನಿಜವಾಗ್ಲೂ ಖುಷಿ.

ಆದ್ರೆ ಕ್ಯಾಸೆಟ್ ಕವರ್ ಮಡಚಿದ್ದನ್ನ ಬಿಡಿಸಿದ್ರೆ ಒಳಗೆ ಸಾಹಿತ್ಯ ಯಾರದು, ರಾಗ ಹಾಕಿದ್ಯಾರು, ಎಷ್ಟೋ ಸಲ ತಬಲಾ ಕೊಳಲು ಯಾರು ಅಂತಾನೂ ಇರ್ತಿತ್ತು. ಈಗ ಆ್ಯಪಲ್ಲಿ ಒಂದು ಭಾವಗೀತೆ ಹಾಕಿದ್ರೆ ಹಾಡಿದವರ ಹೆಸರು ಬರತ್ತೆ, ಬರೆದ ಕವಿ ಹೆಸರೇ ಇರಲ್ಲ ಎಷ್ಟೋ ಕಡೆ. ಮೊಮ್ಮಗಳು ಇದು ಯಾರು ಬರ್ದಿದ್ದು ತಾತ ಅಂತ ಕೇಳಿದ್ಲು, ನಂಗೆ ಗೊತ್ತಿತ್ತು ಹೇಳ್ದೆ, ನನ್ನಂಥೋರು ಹೋದ್ಮೇಲೆ ಅವಳು ಯಾರನ್ನ ಕೇಳ್ಬೇಕು?

ಇನ್ನು ಹರಿಕಥೆ, ಸೋಬಾನೆ ಪದ, ಹಳ್ಳಿ ನಾಟಕದ ಕ್ಯಾಸೆಟ್ ಮಾಡ್ತಿದ್ದ ಸಣ್ಣ ಸಣ್ಣ ಕಂಪನಿಗಳ ಕಥೆ ಇನ್ನೂ ಕಷ್ಟ. ನಮ್ಮ ಕಡೆಯ ಒಂದು ಕಂಪನಿ ಮುಚ್ಚಿದಾಗ ಮಾಸ್ಟರ್ ಟೇಪುಗಳನ್ನೆಲ್ಲ ಗುಜರಿಗೆ ಹಾಕಿದ್ರು, ನಾನು ಹೋಗೋ ಹೊತ್ತಿಗೆ ಖಾಲಿ ರಾಕ್ ಮಾತ್ರ ಇತ್ತು. ಆ ಹರಿಕಥೆ ದಾಸರ ದನಿ ಇನ್ನೆಲ್ಲಿಂದ ತರೋದು? ಟೇಪ್ ಹಂಗೇ ಬಿಟ್ರೆ ಬರಬರ್ತಾ ಬೂಷ್ಟು ಹಿಡಿಯತ್ತೆ, ಅಂಟ್ಕೊಳತ್ತೆ, ಇನ್ನು ಹತ್ತು ವರ್ಷ ಕಾಯೋ ವಸ್ತು ಅಲ್ಲ ಅದು.

ಆಡಿಯೋ ಕಂಪನಿಯವ್ರಲ್ಲಿ ಕೈ ಮುಗಿದು ಕೇಳ್ತೀನಿ, ಹಾಡು ಅಪ್‌ಲೋಡ್ ಮಾಡುವಾಗ ಕವರ್ ಮೇಲಿದ್ದ ಎಲ್ಲಾ ಹೆಸರನ್ನೂ ಕೆಳಗೆ ಟೈಪ್ ಮಾಡಿ, ಮುಚ್ಚಿಹೋದ ಸಣ್ಣ ಕಂಪನಿ ಟೇಪ್ ಯಾರ ಮನೆ ಅಟ್ಟದ ಮೇಲಾದ್ರೂ ಇದ್ರೆ ಹಕ್ಕಿನ ಮಾತಾಡಿ ತಗೊಳ್ಳಿ. ನನ್ನ ಹತ್ರ ಇನ್ನೂ ಎರಡು ಟ್ರಂಕ್ ಕ್ಯಾಸೆಟ್ ಇದೆ, ಕವರ್ ಸಮೇತ, ಯಾರು ಬಂದ್ರೂ ಕೊಡ್ತೀನಿ, ಸ್ಕ್ಯಾನ್ ಮಾಡ್ಕೊಂಡು ವಾಪಸ್ ತಂದುಕೊಟ್ರೆ ಸಾಕು.

ಇಂತಿ ನಿಮ್ಮ ಓದುಗ,
ತಿಪಟೂರು