ಬರೀ ತೊಗಟೆ

ಪ್ರಿಯ ನಾಗರಾಜ,

ಹಿಂದಿನ ಎರಡು ಪತ್ರಗಳಿಗೆ ನೀನು ಉತ್ತರ ಬರೆಯಲಿಲ್ಲ. ಹಾಗಾಗಿ ಈ ಸಲ ನಾಲ್ಕು ಜನ ಓದುವ ಕಡೆಯೇ ಬರೆಯುತ್ತಿದ್ದೇನೆ. ಎಲ್ಲರೂ ನಿನ್ನ ಮುಖ ನೋಡುತ್ತಿದ್ದಾರೆ ಎಂದಾದರೆ ಎರಡು ಸಾಲನ್ನಾದರೂ ಬರೆದೀಯೆ ಎಂಬ ಆಸೆ. ಏಳನೆಯ ಕುಂಬಳಕಾಯಿಯ ವಿಷಯವನ್ನು ಇಲ್ಲಿ ಎತ್ತುವುದಿಲ್ಲ, ಹೆದರಬೇಡ. ಮಾತು ಕೊಟ್ಟಿದ್ದೇನೆ.

ಆರು ತಿಂಗಳಿಂದ ನಾನೊಂದು ದೇವಸ್ಥಾನ ಕಟ್ಟುತ್ತಿರುವುದು ನಿನಗೆ ಗೊತ್ತು. ಕಂಪ್ಯೂಟರ್ ಪರದೆಯ ಮೇಲೆ, ಒಂದು ಗೇಮಿಗಾಗಿ. ಬೆಟ್ಟದಷ್ಟು ಎತ್ತರದ ಒಂದು ಮರ, ಅದರ ಒಡಲಿನಲ್ಲಿ ತಾನಾಗಿ ಬೆಳೆದುಕೊಂಡ ಡ್ರೂಯಿಡರ ಗುಡಿ. ಬೇರುಗಳೇ ಮೆಟ್ಟಿಲು, ಕೊಂಬೆಗಳೇ ತೊಲೆ, ಕಾಂಡದ ನಡುವೆ ಗರ್ಭಗುಡಿ, ಸುತ್ತಲೂ ಸಾಲು ಕಿಟಕಿಗಳಿಂದ ಇಳಿಯುವ ಹಸಿರು ಬೆಳಕು. ಚಿತ್ರ ನೋಡಿದವರೆಲ್ಲ ಮೆಚ್ಚಿದರು. ನನಗೂ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ.

ಕೆಲಸ ಅರ್ಧಕ್ಕೆ ಬಂದ ಮೇಲೆ ಡ್ರೂಯಿಡರ ಬಗ್ಗೆ ಸರಿಯಾಗಿ ಓದಲು ಕುಳಿತೆ. ಮೊದಲೇ ಓದಬೇಕಿತ್ತು. ಎರಡು ಸಾವಿರ ವರ್ಷಗಳ ಹಿಂದೆ ಇಂದಿನ ಫ್ರಾನ್ಸ್ ಮತ್ತು ಬ್ರಿಟನ್ ನೆಲದಲ್ಲಿದ್ದ ಕೆಲ್ಟ್ ಜನರಿಗೆ ಇವರೇ ಪುರೋಹಿತರು, ಇವರೇ ಗುರುಗಳು, ಇವರೇ ನ್ಯಾಯ ತೀರ್ಮಾನಿಸುವವರು. ಕೆಲವರು ಇಪ್ಪತ್ತು ವರ್ಷಗಳವರೆಗೆ ಕಲಿಯುತ್ತಿದ್ದರಂತೆ, ಎಲ್ಲವೂ ಪದ್ಯದಲ್ಲಿ, ಎಲ್ಲವೂ ಬಾಯಿಪಾಠ. ತಮ್ಮ ವಿದ್ಯೆಯನ್ನು ಬರೆದಿಡುವುದು ಸರಿಯಲ್ಲ ಎಂದು ಅವರು ನಂಬಿದ್ದರು ಎನ್ನುತ್ತಾನೆ ಜೂಲಿಯಸ್ ಸೀಸರ್. ಅವರ ಮೇಲೆ ದಂಡೆತ್ತಿ ಹೋದವನು ಅವನೇ. ಅವರ ಬಗ್ಗೆ ನಮಗೆ ಸಿಗುವ ಬರಹವೆಲ್ಲ ಹೀಗೆ ಹೊರಗಿನವರದು, ಅದರಲ್ಲೂ ಹೆಚ್ಚಿನದು ಗೆದ್ದವರದು. ಆ ಬರಹಗಳಲ್ಲಿ ಎಲ್ಲಿಯೂ ಮರದೊಳಗಿನ ಗುಡಿ ಇಲ್ಲ. ಇರುವುದು ತೋಪು. ನೆಮೆಟಾನ್ ಎಂಬುದು ಅವರ ಪವಿತ್ರ ಸ್ಥಳದ ಹೆಸರು. ನಿನ್ನ ಅತ್ತೆಯ ಊರು ಕೊಡಗಿನಲ್ಲಿ ದೇವರಕಾಡು ಎನ್ನುತ್ತಾರಲ್ಲ, ನನ್ನ ಮನಸ್ಸಿಗೆ ಬಂದದ್ದು ಅದು. ಕ್ರಿಸ್ತಶಕ 60ರ ಸುಮಾರಿಗೆ ರೋಮನ್ ಸೈನ್ಯ ಇಂದಿನ ವೇಲ್ಸ್‌ನ ಆಂಗ್ಲ್‌ಸಿ ದ್ವೀಪಕ್ಕೆ ನುಗ್ಗಿದಾಗ ಮಾಡಿದ ಕೆಲಸಗಳಲ್ಲಿ ಅಲ್ಲಿಯ ತೋಪುಗಳನ್ನು ಕಡಿದು ಹಾಕಿದ್ದೂ ಒಂದು. ಬರೆದಿಡದ ವಿದ್ಯೆ, ಕಡಿದು ಹಾಕಿದ ತೋಪು. ಇನ್ನೇನು ಉಳಿದೀತು ಹೇಳು.

ಒಂದು ವಿವರ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ರೋಮಿನ ಪ್ಲಿನಿ ಬರೆದದ್ದು. ಡ್ರೂಯಿಡರಿಗೆ ಬಂದಳಿಕೆ ಮತ್ತು ಅದು ಬೆಳೆದ ಓಕ್ ಮರ, ಇವೆರಡಕ್ಕಿಂತ ಪವಿತ್ರವಾದುದು ಬೇರೊಂದಿಲ್ಲ. ಓಕ್‌ನಲ್ಲಿ ಅದು ಸಿಗುವುದೇ ಅಪರೂಪ. ಕಂಡರೆ ಚಂದ್ರನ ಆರನೆಯ ದಿನ, ನಮ್ಮ ಲೆಕ್ಕದಲ್ಲಿ ಷಷ್ಠಿ, ಬಿಳಿ ವಸ್ತ್ರ ತೊಟ್ಟ ಪುರೋಹಿತ ಮರ ಹತ್ತಿ ಚಿನ್ನದ ಕುಡುಗೋಲಿನಿಂದ ಕೊಯ್ಯುತ್ತಾನೆ, ಕೆಳಗಿದ್ದವರು ಬಿಳಿ ಬಟ್ಟೆ ಹಿಡಿದು ಅದನ್ನು ನೆಲಕ್ಕೆ ತಾಗದಂತೆ ಆತುಕೊಳ್ಳುತ್ತಾರೆ. ಓದುತ್ತಿದ್ದಂತೆ ಕಣ್ಣೆದುರು ಬಂದದ್ದು ನಮ್ಮ ಮನೆಯ ಹಿಂದಿನ ಮಾವಿನ ಮರ. ಅಪ್ಪಯ್ಯ ದೋಟಿಯ ತುದಿಗೆ ಕತ್ತಿ ಕಟ್ಟಿ ಬಂದಳಿಕೆ ಎಳೆಯುತ್ತಿದ್ದರು, ಕೆಳಗೆ ನೀನೂ ನಾನೂ. ಬಿಳಿ ಬಟ್ಟೆ ಇರಲಿಲ್ಲ, ನಿನ್ನ ತಲೆ ಇತ್ತು. ಚಿಗಳಿ ಇರುವೆಗಳ ಗೂಡಿನ ಸಮೇತ ಬಂದದ್ದನ್ನು ನೀನು ಮರೆತಿರಲಾರೆ. ಅಪ್ಪಯ್ಯ ನಗುವುದನ್ನು ನಿಲ್ಲಿಸಿ ನಿನಗೆ ಕೊಬ್ಬರಿ ಎಣ್ಣೆ ಹಚ್ಚಲು ಎಷ್ಟು ಹೊತ್ತು ಬೇಕಾಯಿತು!

ಇರಲಿ. ಹೇಳಲು ಹೊರಟದ್ದು ಬೇರೆ.

ಕಚೇರಿಯ ಕೆಲಸದ ಮೇಲೆ ಪ್ಯಾರಿಸ್‌ಗೆ ಬಂದವನು ಕೊನೆಯಲ್ಲಿ ನಾಲ್ಕು ದಿನ ರಜೆ ಸೇರಿಸಿಕೊಂಡೆ. ನಾರ್ಮಂಡಿಯಲ್ಲಿ ಅಲುವಿಲ್-ಬೆಲ್‌ಫೋಸ್ ಎಂಬ ಹಳ್ಳಿ ಇದೆ. ಅಲ್ಲಿ ಪೊಟರೆಯಾದ ಒಂದು ಓಕ್ ಮರದೊಳಗೆ ನಿಜವಾಗಿಯೂ ಪೂಜಾಸ್ಥಳವಿದೆ ಎಂದು ಓದಿದ್ದೆ. ಒಂದಲ್ಲ, ಎರಡು, ಒಂದರ ಮೇಲೊಂದು. ಸೇಂಟ್ ಲಜಾರ್ ನಿಲ್ದಾಣದಿಂದ ರೈಲು ಹಿಡಿದು ಇವೆತೋದಲ್ಲಿ ಇಳಿದೆ. ಅಲ್ಲಿಂದ ಆರೇಳು ಕಿಲೋಮೀಟರು, ನಡೆದೇ ಹೋದೆ. ಅಕ್ಟೋಬರ್ ತಿಂಗಳು, ಜಿನುಗು ಮಳೆ. ಎರಡೂ ಬದಿ ಉತ್ತ ಹೊಲ, ದೂರದಲ್ಲಿ ಚರ್ಚಿನ ಗೋಪುರ. ಆ ಕೊಡೆ ಕೈಯಲ್ಲಿದ್ದಿದ್ದರೆ ನಿನ್ನನ್ನು ಇನ್ನೂ ಹೆಚ್ಚು ನೆನೆಯುತ್ತಿದ್ದೆ.

ಮರ ಚರ್ಚಿನ ಪಕ್ಕದಲ್ಲೇ ಇದೆ. ನೋಡಿದ ಕೂಡಲೇ ನನಗೆ ಆದದ್ದು ನಿರಾಸೆ. ನನ್ನ ಪರದೆಯ ಮರದ ಭವ್ಯತೆ ಅದಕ್ಕಿಲ್ಲ. ಬುಡ ಮಾತ್ರ ಅಗಾಧ, ಸುತ್ತಳತೆ ಸುಮಾರು 15 ಮೀಟರು. ಎತ್ತರ ನಮ್ಮೂರಿನ ಹಲಸಿನ ಮರಕ್ಕಿಂತ ಹೆಚ್ಚಿಲ್ಲ. ತೊಗಟೆ ಹೋದ ಕಡೆಯೆಲ್ಲ ಮಳೆ ಒಳಗಿಳಿಯದಂತೆ ಮರದ ತೆಳು ಹಲಗೆಯ ಚೂರುಗಳನ್ನು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಜೋಡಿಸಿ ಮೊಳೆ ಹೊಡೆದಿದ್ದಾರೆ. ಲೋಹದ ಆಸರೆ ಕೊಟ್ಟು ನಿಲ್ಲಿಸಿದ್ದಾರೆ. ಹೊರಗಿನಿಂದ ಬುಡವನ್ನು ಸುತ್ತಿಕೊಂಡು ಮೇಲಕ್ಕೆ ಹೋಗುವ ಮರದ ಮೆಟ್ಟಿಲು. ನೆತ್ತಿಯಲ್ಲಿ ಶಿಲುಬೆ. ಹೊಲಿಗೆ, ತೇಪೆ, ಊರುಗೋಲು, ಎಲ್ಲವೂ ಕಣ್ಣಿಗೆ ಕಾಣುತ್ತಿದ್ದವು.

ಊರವರ ಲೆಕ್ಕದಲ್ಲಿ ಮರಕ್ಕೆ 1200 ವರ್ಷ. ಬಲ್ಲವರು 800ರ ಆಸುಪಾಸು ಎನ್ನುತ್ತಾರೆ. ಯಾವ ಲೆಕ್ಕ ಹಿಡಿದರೂ ಇದು ಮೊಳಕೆಯೊಡೆಯುವ ಹೊತ್ತಿಗೆ ಡ್ರೂಯಿಡರು ಇಲ್ಲವಾಗಿ ಶತಮಾನಗಳೇ ಕಳೆದಿದ್ದವು. ಸಿಡಿಲು ಬಡಿದು ಒಳಗೆಲ್ಲ ಸುಟ್ಟು ಪೊಟರೆಯಾಯಿತು ಎಂಬುದು ಅಲ್ಲಿಯ ಕಥೆ. 17ನೆಯ ಶತಮಾನದಲ್ಲಿ ಊರಿನ ಪಾದ್ರಿ ದ್ಯು ದೆತ್ರುವಾ ಆ ಪೊಟರೆಯನ್ನು ಶಾಂತಿಮಾತೆ ಮೇರಿಯ ಪೂಜಾಸ್ಥಳವಾಗಿ ಮಾಡಿದರು. ಮೇಲೊಂದು ಸನ್ಯಾಸಿಯ ಕೋಣೆ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಧರ್ಮದ ಕುರುಹುಗಳನ್ನೆಲ್ಲ ಸುಡುತ್ತ ಬಂದವರು ಇದಕ್ಕೂ ಬೆಂಕಿ ಇಡಲು ಹೊರಟರಂತೆ. ಆಗ ಊರಿನವರೊಬ್ಬರು, ಬಂದವರಿಗೆ ಒಪ್ಪುವಂತೆ, ‘ವಿಚಾರ ಮಂದಿರ’ ಎಂಬ ಹೆಸರು ಬರೆದು ಮರಕ್ಕೆ ತೂಗುಹಾಕಿದರು, ಮರ ಉಳಿಯಿತು. ಬರೆದವರು ಶಾಲೆಯ ಮೇಷ್ಟ್ರು ಎನ್ನುತ್ತಾರೆ. ನಮ್ಮ ಕನ್ನಡ ಮೇಷ್ಟ್ರಾಗಿದ್ದರೂ ಅದನ್ನೇ ಮಾಡುತ್ತಿದ್ದರು, ಅಲ್ಲವೇ? ಈಗಲೂ ಆಗಸ್ಟ್ 15ರಂದು, ಮೇರಿಯ ಹಬ್ಬದ ದಿನ, ಜನ ಅಲ್ಲಿ ಸೇರಿ ಪ್ರಾರ್ಥನೆ ಮಾಡುತ್ತಾರೆ.

ಒಳಗೆ ಇಬ್ಬರು ಮೂವರು ನಿಂತರೆ ತುಂಬಿಹೋಗುವಷ್ಟೇ ಜಾಗ. ಸಣ್ಣ ಪೀಠ, ಮೇರಿಯ ಪ್ರತಿಮೆ. ಮಳೆಯಿಂದಾಗಿ ಬೇರೆ ಯಾರೂ ಬಂದಿರಲಿಲ್ಲ. ಹೊರಗೆ ಹಲಗೆ ಚೂರುಗಳ ಮೇಲೆ ಹನಿ ಬೀಳುವ ಸದ್ದು ಒಳಗೆ ಬೇರೆಯೇ ಆಗಿ ಕೇಳುತ್ತಿತ್ತು. ಅಜ್ಜನ ಮನೆಯ ಅಡಿಕೆ ದಬ್ಬೆಯ ಮಾಡಿನ ಮೇಲೆ ಮಳೆಗಾಲದ ಮೊದಲ ದಿನ ಬರುತ್ತಿತ್ತಲ್ಲ, ಆ ಸದ್ದು. ಬಾಗಿಲಿನಿಂದ ತಲೆ ಹೊರಗೆ ಹಾಕಿ ಮೇಲೆ ನೋಡಿದೆ. ಕೊಂಬೆಗಳ ತುಂಬ ಎಲೆ. ಅರ್ಧ ಹಸಿರು, ಅರ್ಧ ಕಂದು. ಮರ ಬದುಕಿತ್ತು. ಈಗಲೂ ಕಾಯಿ ಬಿಡುತ್ತದೆ. ನಾನು ನಿಂತಿದ್ದದ್ದು ಅದರ ಎದೆಯೊಳಗೆ, ಆ ಎದೆಯಲ್ಲಿ ಮರ ಎಂಬುದೇ ಇರಲಿಲ್ಲ.

ಇದು ಹೇಗೆ ಎಂಬುದನ್ನು ಆ ರಾತ್ರಿಯೇ ಹುಡುಕಿ ಓದಿದೆ. ನಾವು ಕೆಚ್ಚು ಎನ್ನುತ್ತೇವಲ್ಲ, ಮರದ ನಡುವಿನ ಗಟ್ಟಿ ಭಾಗ, ಅದರಲ್ಲಿ ಜೀವವೇ ಇಲ್ಲ. ಹೊಸ ಮರದಲ್ಲೂ ಇಲ್ಲ, ಹಳೆಯದರಲ್ಲೂ ಇಲ್ಲ. ಅದು ಮರ ಬದುಕಿ ಬಿಟ್ಟ ವರ್ಷಗಳ ರಾಶಿ. ಆಸರೆಗೆ ಬೇಕು, ಉಸಿರಿಗೆ ಬೇಡ. ನೀರು ಏರುವುದು ಹೊರಗಿನ ಎಳೆಯ ಪದರದಲ್ಲಿ. ಓಕ್‌ನಲ್ಲಂತೂ ಹೆಚ್ಚಿನದೆಲ್ಲ ಆ ವರ್ಷ ಮೂಡಿದ ಉಂಗುರದಲ್ಲೇ. ಎಲೆ ಮಾಡಿದ ಅಡುಗೆ ಇಳಿಯುವುದು ತೊಗಟೆಯ ಒಳಮೈಯಲ್ಲಿ. ಇವೆರಡರ ನಡುವೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಒಂದು ಪದರ, ಮರ ದಪ್ಪವಾಗುವುದು ಅದರಿಂದ. ಅಂದರೆ ಮರ ಬದುಕುವುದು ತನ್ನ ಅಂಚಿನಲ್ಲಿ. ನಾನು ನನ್ನ ಗುಡಿಯಲ್ಲಿ ಕಾಂಡದ ಸುತ್ತ ಕೊರೆದಿದ್ದೆನಲ್ಲ, ಸಾಲು ಕಿಟಕಿಗಳು? ಊರಿನಲ್ಲಿ ಮರ ಒಣಗಿಸಬೇಕೆಂದರೆ ಮಾಡುವುದೇ ಅದು, ಸುತ್ತ ತೊಗಟೆ ಕೆತ್ತುವುದು. ಗರ್ಭಗುಡಿಗೆ ಜಾಗ ಮಾಡಿದ್ದು ತಪ್ಪಲ್ಲ. ಬೆಳಕಿಗಾಗಿ ಮರವನ್ನೇ ಕೊಂದಿದ್ದೆ. ಆ ಕಿಟಕಿಗಳನ್ನು ಮುಚ್ಚಿದ್ದೇನೆ.

ನಾಗರಾಜ, ಇಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ. ಆಗುತ್ತಿಲ್ಲ.

ಮಾರ್ಚ್‌ನಲ್ಲಿ ಅಪ್ಪಯ್ಯನಿಗೆ ಪಾರ್ಶ್ವವಾಯು ಆದಾಗ ಆಸ್ಪತ್ರೆಗೆ ಕಾರು ಓಡಿಸಿದವನು ನೀನು. ಆಮೇಲಿನದ್ದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಬಲಗೈ ಹೋಯಿತು, ಮಾತು ಹೋಯಿತು. ‘ಹೌದಲ್ಲ’ ಎಂಬುದೊಂದು ಉಳಿಯಿತು. ಹಸಿವಾದರೂ ಹೌದಲ್ಲ, ಬೇಡವೆಂದರೂ ಹೌದಲ್ಲ. ಜೂನ್‌ನಲ್ಲಿ ನಾನು ಬಂದಾಗ ನನ್ನ ಹೆಸರಿಗೂ ಅದೇ. ಮೂರು ದಿನ ಇದ್ದೆ. ಪ್ರತಿ ಬೆಳಗ್ಗೆಯೂ ಎದುರು ಕೂತು ಅವರ ಕಣ್ಣಿನಲ್ಲಿ ಏನನ್ನೋ ಹುಡುಕುತ್ತಿದ್ದೆ. ಸಿಗಲಿಲ್ಲ ಎಂದುಕೊಂಡೆ.

ಆಗಸ್ಟ್‌ನಲ್ಲಿ ತಮ್ಮ ಫೋನ್ ಮಾಡಿದ. ದನಿಯಲ್ಲಿ ಸಂಭ್ರಮ. ಯಾರೋ ಯಕ್ಷಗಾನದ ಪದ್ಯ ಹಚ್ಚಿದ್ದರಂತೆ, ಅರ್ಧಕ್ಕೆ ನಿಲ್ಲಿಸಿದಾಗ ಅಪ್ಪಯ್ಯ ಉಳಿದ ಅರ್ಧವನ್ನು ಹಾಡಿ ಮುಗಿಸಿದರಂತೆ. ಒಂದಕ್ಷರ ತಪ್ಪಿಲ್ಲ, ತಾಳ ತಪ್ಪಿಲ್ಲ. ‘ಅಣ್ಣ, ಒಳಗೆ ಎಲ್ಲ ಇದೆ’ ಎಂದ. ಅದಕ್ಕೆ ನಾನು ಏನೆಂದೆ ಗೊತ್ತೇ? ‘ಅದು ಅಭ್ಯಾಸ ಬಲ ಕಣೋ. ಒಳಗೆ ಅಪ್ಪಯ್ಯ ಇಲ್ಲ. ಈಗ ಇರುವುದು ಬರೀ ತೊಗಟೆ.’

ಹೀಗೆಂದೆ. ಇದೇ ಪದ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗಂಜಿಗೆ ಹೊತ್ತಾಯಿತು’ ಎಂದು ಫೋನ್ ಇಟ್ಟ. ದಿನಕ್ಕೆ ನಾಲ್ಕು ಸಲ ಅಪ್ಪಯ್ಯನನ್ನು ಮಗ್ಗುಲಾಗಿಸುವವನು ಅವನು. ಗಲ್ಲ ಒರೆಸುವವನು ಅವನು. ಆ ತೇಪೆ, ಆ ಆಸರೆ, ಎಲ್ಲ ಅವನೇ. ನಾನು ತಿಂಗಳಿಗೊಮ್ಮೆ ಹಣ ಕಳಿಸಿ ಮಾತಾಡುವವನು.

ಇನ್ನೊಂದೂ ಇದೆ. ಈ ನಾಲ್ಕು ದಿನಗಳ ರಜೆ ಊರಿಗೆಂದು ಉಳಿಸಿಟ್ಟದ್ದು. ದಸರೆಗೆ ಬರುತ್ತೇನೆ ಎಂದಿದ್ದೆ. ರಜೆ ಸಿಗಲಿಲ್ಲ ಎಂದು ತಮ್ಮನಿಗೆ ಸುಳ್ಳು ಹೇಳಿದೆ. ಆ ಮುಖದ ಎದುರು ಮತ್ತೆ ಕೂರಲು ನನಗೆ ಭಯವಾಗಿತ್ತು. ಬಾರದ ಉತ್ತರಕ್ಕೆ ಕಾಯುವ ಭಯ. ಅದರಿಂದ ತಪ್ಪಿಸಿಕೊಂಡು ಸಮುದ್ರ ದಾಟಿ, ಯಾರದೋ ಹಳ್ಳಿಯ ಮರದೊಳಗೆ ನಿಂತೆ. ಇದನ್ನು ನಿನ್ನೊಬ್ಬನಿಗೇ ಬರೆಯಬಹುದಿತ್ತು. ತಮ್ಮ ಓದಲಿ ಎಂದೇ ಇಲ್ಲಿ ಬರೆದೆ ಅನ್ನಿಸುತ್ತಿದೆ. ಬರೆಯಲು ಕುಳಿತಾಗ ಆ ಯೋಚನೆ ಇರಲಿಲ್ಲ.

ಪೊಟರೆಯ ಬಾಯಿಯ ಅಂಚನ್ನು ಕೈಯಿಂದ ಮುಟ್ಟಿ ನೋಡಿದೆ. ಅಲ್ಲಿ ತೊಗಟೆ ಒಳಮುಖವಾಗಿ ದಪ್ಪಗೆ ಸುರುಳಿ ಸುತ್ತಿಕೊಂಡಿದೆ, ಚಪಾತಿ ಸುತ್ತಿಟ್ಟ ಹಾಗೆ. ಗಾಯ ಮುಚ್ಚಲು ಮರ ಪ್ರತಿ ವರ್ಷ ಒಂದಿಷ್ಟು ಮುಂದೆ ತಳ್ಳುತ್ತದೆ. ಅಷ್ಟು ದೊಡ್ಡ ಬಾಯಿ ಮುಚ್ಚುವುದಿಲ್ಲ. ಆದರೂ ತಳ್ಳುತ್ತಲೇ ಇದೆ. ಒದ್ದೆಯಾಗಿತ್ತು. ಬಹಳ ಹೊತ್ತು ಕೈ ತೆಗೆಯಲಿಲ್ಲ.

ಸರಿ ಮಾರಾಯ, ಸಾಕು. ನಿನ್ನ ಕಾಫಿ ಆರಿಹೋಗುತ್ತಿರಬಹುದು, ಓದುವವರೂ ನಿಟ್ಟುಸಿರು ಬಿಡುತ್ತಿರಬಹುದು. ಬೇರೆ ಸುದ್ದಿ: ಇಲ್ಲಿ ಸೇಬಿನ ಕಡುಬಿನಂಥ ಒಂದು ತಿನಿಸು ತಿಂದೆ, ನಿನ್ನ ಹೆಂಡತಿ ಮಾಡುವ ಹಲಸಿನ ಕಡುಬಿನ ಎದುರು ನಿಲ್ಲುವುದಿಲ್ಲ. ಇದನ್ನು ಅವರಿಗೆ ಓದಿ ಹೇಳು. ಹಿಂತಿರುಗುವಾಗ ಇವೆತೋ ತಲುಪುವಷ್ಟರಲ್ಲಿ ಬೂಟಿನೊಳಗೆ ಕೆರೆ ತುಂಬಿತ್ತು. ದಾರಿಯಲ್ಲಿ ಯಾರದೋ ತೋಟದ ಸೇಬಿನ ಮರದಲ್ಲಿ ಬಂದಳಿಕೆ ಗೋಲ ಗೋಲವಾಗಿ ನೇತಾಡುತ್ತಿತ್ತು. ಕೆಳಗೆ ನಿನ್ನ ತಲೆ ಇರಲಿಲ್ಲವಲ್ಲ ಎಂದು ಬೇಸರವಾಯಿತು.

ಶುಕ್ರವಾರ ಬೆಂಗಳೂರು ತಲುಪುತ್ತೇನೆ. ಅಂದೇ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ, ತಮ್ಮನಿಗೆ ಇನ್ನೂ ಹೇಳಿಲ್ಲ. ಅಪ್ಪಯ್ಯನ ಹಳೆಯ ಪ್ರಸಂಗದ ಪುಸ್ತಕಗಳು ಅಟ್ಟದ ಮೇಲೆ ಇರಬೇಕು, ಇಳಿಸಿ ದೂಳು ಕೊಡವಿ ಇಡಲು ಸಾಧ್ಯವೇ? ಪದ್ಯದ ಮೊದಲರ್ಧ ನನಗೆ ಬರುವುದಿಲ್ಲ, ನೋಡಿಕೊಂಡೇ ಹಾಡಬೇಕು. ಶನಿವಾರ ಬೆಳಗ್ಗೆ ಆರಕ್ಕೆ ಬಸ್ ನಿಲ್ದಾಣಕ್ಕೆ ಬಾ. ಮಳೆ ಬಂದರೂ ಚಿಂತೆಯಿಲ್ಲ, ಆ ಕೊಡೆಯನ್ನು ಮಾತ್ರ ತರಬೇಡ.

ನಿನ್ನ,
ಸುರೇಶ